ಫ್ಲ್ಯಾಟ್ ಟ್ರೆಂಡೋ, ಸ್ವಂತ ಡಿಸೈನೋ?

ವೆಬ್‌ಸೈಟ್ ಮಾಡುವಾಗ ಎಲ್ಲರೂ ಬಳಸುವ ಫ್ಲ್ಯಾಟ್ (ಚಪ್ಪಟೆ) ಶೈಲಿಯನ್ನೇ ಹಿಡಿಯಬೇಕೋ, ನಮ್ಮದೇ ಡಿಸೈನ್ ಮಾಡಬೇಕೋ? ಮೊದಲು ಟ್ರೆಂಡ್ ಕಡೆ ನೋಡೋಣ. 2012ರಲ್ಲಿ ವಿಂಡೋಸ್ 8, 2013ರಲ್ಲಿ ಐಫೋನ್‌ನ ಐಒಎಸ್ 7 ಬಂದ ಮೇಲೆ ಹೊಳಪು, ಉಬ್ಬು, ನೆರಳು ಎಲ್ಲ ಹೋಗಿ ಪುಟಗಳು ಚಪ್ಪಟೆಯಾದವು. ಇದರ ದೊಡ್ಡ ಲಾಭ ಪರಿಚಯ. ಮೆನು ಎಲ್ಲಿದೆ, ಭೂತಗನ್ನಡಿ ಒತ್ತಿದರೆ ಏನಾಗುತ್ತದೆ ಅಂತ ಜನರಿಗೆ ಬೇರೆ ಸೈಟ್‌ಗಳಿಂದಲೇ ಗೊತ್ತಿರುತ್ತದೆ, ನೀವು ಹೊಸದಾಗಿ ಕಲಿಸಬೇಕಿಲ್ಲ.

ಆದರೆ ಕಣ್ಣುಮುಚ್ಚಿ ಕಾಪಿ ಹೊಡೆದರೆ ಟ್ರೆಂಡ್‌ನ ತಪ್ಪುಗಳೂ ಜೊತೆಗೇ ಬರುತ್ತವೆ. ಬಿಳಿ ಹಿನ್ನೆಲೆ, ತೆಳು ಗೆರೆಯ ಚೌಕ, ಒಳಗೆ ತಿಳಿ ಬೂದು ಬಣ್ಣದಲ್ಲಿ (ಬಣ್ಣದ ಕೋಡ್ #999999) 'ಮುಂದೆ' ಎಂಬ ಪದ. ಇದು ಬಟನ್ನೋ, ಬರೀ ಅಲಂಕಾರವೋ? ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ತಿಳಿ-ಗಾಢದ ಅಂತರ, 2.85:1 ಅಷ್ಟೇ. ವೆಬ್‌ಸೈಟ್‌ಗಳು ಎಲ್ಲರಿಗೂ ಬಳಸಲು ಆಗುವಂತಿರಬೇಕು ಅನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಡಬಲ್ ಎ ಮಟ್ಟ ಸಾಮಾನ್ಯ ಅಕ್ಷರಕ್ಕೆ ಕೇಳುವುದು 4.5:1. ಅದೇ ಬೂದನ್ನು ಸ್ವಲ್ಪ ಗಾಢವಾಗಿ #767676 ಮಾಡಿದರೆ ಪಾಸು. 2014ರಲ್ಲಿ ಗೂಗಲ್‌ನ ಮಟೀರಿಯಲ್ ಡಿಸೈನ್ ಎಂಬ ವಿನ್ಯಾಸ ಶೈಲಿ ನೆರಳನ್ನು ವಾಪಸ್ ತಂದಿದ್ದು ಸುಮ್ನೆ ಅಲ್ಲ, ಯಾವುದು ಮೇಲಿದೆ, ಯಾವುದನ್ನು ಒತ್ತಬಹುದು ಅಂತ ಕಣ್ಣಿಗೆ ಸುಳಿವು ಬೇಕಲ್ವಾ.

ಸ್ವಂತಿಕೆಗೆ ಬಂದರೆ, ನೆನಪಿನಲ್ಲಿ ಉಳಿಯುವುದು ಅದೇ. ಲೋಗೋ ಮುಚ್ಚಿದರೂ ಇದು ಇಂಥವರ ಸೈಟ್ ಅಂತ ಗೊತ್ತಾಗಬೇಕು. ಖರ್ಚು, ಸಮಯ ಜಾಸ್ತಿ, ಪರೀಕ್ಷೆಯೂ ಜಾಸ್ತಿ. ಎಡವಟ್ಟಾಗುವುದು ಎಲ್ಲಿ ಅಂದರೆ, ಸ್ಕ್ರೋಲ್ ಮಾಡಿದರೆ ಪುಟ ಪಕ್ಕಕ್ಕೆ ಓಡುವುದು, ಮೆನುವನ್ನು ಚಿತ್ರದೊಳಗೆ ಬಚ್ಚಿಡುವುದು, ಇಂಥ ಜಾಣತನದಲ್ಲಿ.

ನಾನಾದರೆ ಫಾರ್ಮ್, ಮೆನು, ಬಟನ್, ಲಿಂಕ್ ಇವನ್ನೆಲ್ಲ ಎಲ್ಲರಂತೆ ಇಟ್ಟು, ಬಣ್ಣ, ಅಕ್ಷರ, ಚಿತ್ರ, ಬರವಣಿಗೆಯಲ್ಲಿ ಸ್ವಂತಿಕೆಗಾಗಿ ಹಟ ಮಾಡುತ್ತೇನೆ. ಬಿಲ್ ಕಟ್ಟುವ ಸೈಟಾದರೆ ಟ್ರೆಂಡ್‌ಗೇ ಪೂರ್ತಿ ಶರಣು. ಕಲಾವಿದರ ಪೋರ್ಟ್‌ಫೋಲಿಯೋ ಆದರೆ ಸ್ವಲ್ಪ ಹುಚ್ಚಾಟಕ್ಕೂ ಜಾಗ ಇದೆ.