ಎಸಿ ಕಂಪ್ರೆಸರ್ ಕೆಟ್ಟಾಗ: ಕ್ಲಚ್ ದುರಸ್ತಿ, ರಿಕಂಡಿಶನ್, ಹೊಸದು – ಕಲಬುರಗಿಯ ಬಿಸಿಲಿನಲ್ಲಿ ಮೂರರ ಹೋಲಿಕೆ

ಕಲಬುರಗಿಯಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ದಾಟುತ್ತದೆ, ಕಾರಿನ ಎಸಿಗಳು ಒಂದೊಂದಾಗಿ ಕೈಕೊಡಲು ಆರಂಭಿಸುತ್ತವೆ. ಎಸಿಯ ಗ್ಯಾಸನ್ನು ಒತ್ತಿ ಪೈಪುಗಳಲ್ಲಿ ಹರಿಸುವ ಪಂಪೇ ಕಂಪ್ರೆಸರ್. ‘ಕಂಪ್ರೆಸರ್ ಹೋಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳಿದ ಮೇಲೆ ಮಾಲೀಕನ ಮುಂದೆ ಮೂರು ದಾರಿಗಳು ಉಳಿಯುತ್ತವೆ: ಬೆಲ್ಟಿನಿಂದ ತಿರುಗುವ ಪುಲ್ಲಿಗೆ ಕಂಪ್ರೆಸರನ್ನು ಜೋಡಿಸುವ ಮ್ಯಾಗ್ನೆಟ್ ಕ್ಲಚ್ಚನ್ನಷ್ಟೇ ಸರಿಪಡಿಸುವುದು, ಹೈದರಾಬಾದಿನಿಂದ ರಿಕಂಡಿಶನ್ ಮಾಡಿದ, ಅಂದರೆ ಹಳೆಯದನ್ನೇ ಸರಿಪಡಿಸಿದ ಕಂಪ್ರೆಸರ್ ತರಿಸುವುದು, ಇಲ್ಲವೇ ಕಂಪನಿಯ ಹೊಸದನ್ನೇ ಹಾಕಿಸುವುದು. ನನ್ನ ಕಾರು, ತಮ್ಮನ ಕಾರು ಮತ್ತು ಮಾವನವರ ಕಾರಿನಲ್ಲಿ ಈ ಮೂರನ್ನೂ ಮಾಡಿಸಿ, ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಿದ್ದರಿಂದ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ದಾರಿ ಆರಿಸುವ ಮೊದಲು ದೋಷ ನಿಜವಾಗಿಯೂ ಎಲ್ಲಿದೆ ಎಂಬುದು ತಿಳಿಯಬೇಕು. ಗ್ಯಾಸ್ ಸೋರಿ ಕಡಿಮೆಯಾಗಿದ್ದರೆ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ಚಾಲೂ ಆಗಲು ಬಿಡುವುದೇ ಇಲ್ಲ. ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರಿನ ಫ್ಯಾನ್ ನಿಂತಿದ್ದರೆ ಒತ್ತಡ ಮಿತಿಮೀರಿ ಅದೇ ಸ್ವಿಚ್ ಅದನ್ನು ನಿಲ್ಲಿಸುತ್ತದೆ. ಎರಡರಲ್ಲಿಯೂ ಕಂಪ್ರೆಸರಿನ ತಪ್ಪಿಲ್ಲ. ಆರ್134ಎ ಗ್ಯಾಸ್ ಇರುವ ಕಾರು 40 ಡಿಗ್ರಿ ಬಿಸಿಯಲ್ಲಿ ಬಹಳ ಹೊತ್ತು ನಿಂತಿದ್ದರೆ ಒತ್ತಡ ಅಳೆಯುವ ಗೇಜಿನ ಎರಡೂ ಮುಳ್ಳುಗಳು ಸುಮಾರು 130 ಪಿಎಸ್‌ಐ ತೋರಿಸುತ್ತವೆ. ಎಂಜಿನ್ ಹಾಗೂ ಎಸಿ ಚಾಲೂ ಮಾಡಿದ ಮೇಲೆ ಕಂಪ್ರೆಸರಿಗೆ ಗ್ಯಾಸ್ ಬರುವ ಲೋ ಬದಿಯ ಮುಳ್ಳು 35ರಿಂದ 50ರ ನಡುವೆ ಇಳಿದು, ಗ್ಯಾಸ್ ಹೊರಡುವ ಹೈ ಬದಿಯದು 250ರ ಆಸುಪಾಸಿಗೋ ಅದಕ್ಕಿಂತ ಮೇಲಕ್ಕೋ ಏರಬೇಕು. ಕ್ಲಚ್ ಹಿಡಿದು ಪುಲ್ಲಿಯ ಜೊತೆ ತಿರುಗುತ್ತಿದ್ದರೂ ಎರಡು ಮುಳ್ಳುಗಳ ನಡುವೆ ಹೇಳಿಕೊಳ್ಳುವಷ್ಟು ಅಂತರ ಬಾರದಿದ್ದರೆ ಮಾತ್ರ ಕಂಪ್ರೆಸರಿನ ಒಳಗಿನ ಕೆಲಸ ಕೆಟ್ಟಿರುವ ಸಂಶಯ ಬಲವಾಗುತ್ತದೆ. ಆಗಲೂ ಅದು ಬೇಕಾದಷ್ಟೇ ಗ್ಯಾಸ್ ಒತ್ತುವ ವೇರಿಯಬಲ್ ಮಾದರಿಯದಾಗಿದ್ದರೆ ಅದರ ಕಂಟ್ರೋಲ್ ವಾಲ್ವನ್ನು ಮೊದಲು ಪರೀಕ್ಷಿಸಬೇಕು, ಏಕೆಂದರೆ ಆ ಪುಟ್ಟ ವಾಲ್ವ್ ಕೆಟ್ಟರೂ ಗೇಜ್ ಇದೇ ಚಿತ್ರವನ್ನು ತೋರಿಸುತ್ತದೆ, ಮತ್ತು ಹಲವು ಮಾದರಿಗಳಲ್ಲಿ ಅದನ್ನಷ್ಟೇ ಬದಲಾಯಿಸಬಹುದು.

ನನ್ನ ಕಾರಿನದು ಕ್ಲಚ್ಚಿನ ದೋಷ. ಬೆಳಿಗ್ಗೆ ಚೆನ್ನಾಗಿ ತಣ್ಣಗಾಗುತ್ತಿದ್ದ ಎಸಿ, ಮಧ್ಯಾಹ್ನ ಜಗತ್ ವೃತ್ತದ ದಟ್ಟಣೆಯಲ್ಲಿ ಸಿಕ್ಕಿಕೊಂಡ ಕೂಡಲೇ ಬಿಸಿಗಾಳಿ ಬಿಡುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಗೇಜನ್ನೂ ಹಚ್ಚದೆ ಹೊಸ ಕಂಪ್ರೆಸರಿನ ಬೆಲೆ ಹೇಳಿದರು. ಬೇರೆ ಕಡೆ ತೋರಿಸಿದಾಗ ಮಿಸ್ತ್ರಿ ಕ್ಲಚ್ಚಿನ ತಟ್ಟೆ ಮತ್ತು ಪುಲ್ಲಿಯ ನಡುವೆ ಫೀಲರ್ ಗೇಜಿನ ಎಲೆಗಳನ್ನು ಒಂದೊಂದಾಗಿ ತೂರಿಸಿದರು. ಸುಮಾರು ಅರ್ಧ ಮಿಲಿಮೀಟರ್ ಇರಬೇಕಾದ ಸಂದಿಯಲ್ಲಿ ಒಂದು ಮಿಲಿಮೀಟರಿನ ಎಲೆ ಸಲೀಸಾಗಿ ಹೋಗಿಬಂತು. ತಟ್ಟೆ ಸವೆದು ಸಂದಿ ಹಿಗ್ಗಿದಾಗ ಕ್ಲಚ್ಚಿನ ವಿದ್ಯುತ್ ಸುರುಳಿ (ಕಾಯಿಲ್) ಅದನ್ನು ಎಳೆದುಕೊಳ್ಳಲು ಹೆಚ್ಚು ಬಲ ಬೇಕಾಗುತ್ತದೆ. ಬಿಸಿಯಾದ ತಾಮ್ರದ ತಂತಿಯ ಪ್ರತಿರೋಧ ಏರುವುದರಿಂದ ಕಾಯಿಲ್ಲಿನ ಬಲ ಅದೇ ಹೊತ್ತಿಗೆ ಕುಗ್ಗುತ್ತದೆ. ಕಾಯಿಲ್ಲಿನ ಪ್ರತಿರೋಧ ನಾಲ್ಕು ಓಮ್‌ಗಿಂತ ತುಸು ಕಡಿಮೆ, ಅಂದರೆ ಸರಿಯಾಗಿಯೇ ಇದ್ದುದರಿಂದ ಅದನ್ನು ಹಾಗೆಯೇ ಉಳಿಸಿಕೊಂಡು, ಒಂದು ತೆಳುವಾದ ವಾಷರ್ ತೆಗೆದು ಸಂದಿ ಸರಿಪಡಿಸಿ, ಗರಗರ ಎನ್ನುತ್ತಿದ್ದ ಪುಲ್ಲಿ ಬೇರಿಂಗನ್ನು ಬದಲಾಯಿಸಿದರು. ಗ್ಯಾಸ್ ತೆಗೆಯುವ ಅಗತ್ಯವೇ ಬೀಳಲಿಲ್ಲ. ದೋಷ ಹೊರಗಡೆಯೇ ಇದೆ ಎಂದು ಖಚಿತವಾದರೆ ಇದರ ಮುಂದೆ ಉಳಿದೆರಡು ದಾರಿಗಳನ್ನು ಯೋಚಿಸಲೂ ಬಾರದು.

ತಮ್ಮನ ಕಾರು ಸೇಡಂ ಕಡೆಗೆ ಹೆಚ್ಚು ಓಡಾಡುತ್ತದೆ. ಸಿಮೆಂಟ್ ಲಾರಿಗಳು ಎಬ್ಬಿಸುವ ಸುಣ್ಣಕಲ್ಲಿನ ದೂಳು ಕಂಡೆನ್ಸರಿನ ಸಂದಿಗಳಲ್ಲಿ ಕೂತು, ಗಾಳಿ ಆಡದೆ, ಕಂಪ್ರೆಸರ್ ಸದಾ ಹೆಚ್ಚಿನ ಒತ್ತಡಕ್ಕೆ ದುಡಿಯುತ್ತದೆ. ಇದರ ಜೊತೆಗೆ ಪೈಪಿನ ಜೋಡಣೆಯೊಂದರಲ್ಲಿ ಎಣ್ಣೆ ಜಿನುಗಿ, ದೂಳು ಅಂಟಿ ಕಪ್ಪು ಕೆಸರಾಗಿತ್ತು. ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬಿದರೇ ಹೊರತು ಅದರೊಂದಿಗೆ ಹೊರಟುಹೋದ ಎಣ್ಣೆಯನ್ನು ಯಾರೂ ತುಂಬಿರಲಿಲ್ಲ. ಕೊನೆಗೆ ಒಳಭಾಗಗಳು ಸವೆದು ಕಂಪ್ರೆಸರ್ ಜಾಮಾಯಿತು. ಅದನ್ನು ಇಳಿಸಿದ ಮಿಸ್ತ್ರಿ ಗ್ಯಾಸ್ ಹೊರಹೋಗುವ ಡಿಸ್ಚಾರ್ಜ್ ಪೈಪಿನೊಳಗೆ ಬಿಳಿ ಬಟ್ಟೆ ತುರುಕಿ ಎಳೆದರು. ಬಟ್ಟೆಯ ತುಂಬ ಬೂದುಬಣ್ಣದ ಎಣ್ಣೆ, ಬೆಳಕಿಗೆ ಹಿಡಿದರೆ ಅದರಲ್ಲಿ ಮಿನುಗುವ ಲೋಹದ ಪುಡಿ. ‘ಪೈಪಿನ್ಯಾಗ ಪುಡಿ ಅದ ನೋಡ್ರಿ ಸಾಹೇಬ್ರ, ಬರೀ ಕಂಪ್ರೆಸರ್ ಹಾಕಿದ್ರ ಅದೂ ಉಳ್ಯಾಂಗಿಲ್ಲ’ ಎಂದರು. ಈಗಿನ ಕಂಡೆನ್ಸರುಗಳ ಕೊಳವೆಗಳು ಬಹಳ ಸಣ್ಣವಾಗಿರುವುದರಿಂದ ತೊಳೆದರೂ ಪುಡಿ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹೊಸ ಕಂಪ್ರೆಸರಿಗೆ ಆಗುತ್ತಿದ್ದ ಹಣದಲ್ಲಿಯೇ ರಿಕಂಡಿಶನ್ ಕಂಪ್ರೆಸರ್, ಹೊಸ ಕಂಡೆನ್ಸರ್, ತೇವ ಹೀರುವ ಡ್ರೈಯರ್ ಮತ್ತು ಗ್ಯಾಸಿನ ಒತ್ತಡ ಇಳಿಸುವ ಎಕ್ಸ್‌ಪಾನ್ಷನ್ ವಾಲ್ವ್ ಹಾಕಿಸಿ, ಉಳಿದ ಪೈಪುಗಳನ್ನು ತೊಳೆಸಿದೆವು. ರಿಕಂಡಿಶನ್ ಕಂಪ್ರೆಸರಿನಲ್ಲಿದ್ದ ಎಣ್ಣೆಯನ್ನು ಪೂರ್ತಿ ಬಸಿದು, ಆ ಕಾರಿಗೆ ಹೇಳಿದ ದರ್ಜೆಯ ಪಿಎಜಿ ಎಂಬ ಕಂಪ್ರೆಸರ್ ಎಣ್ಣೆಯನ್ನು ಅಳೆದು ಹಾಕಿದರು.

ಮಾವನವರ ಕಾರಿನಲ್ಲಿಯೂ ಕಂಪ್ರೆಸರಿನ ಒಳಭಾಗವೇ ಪುಡಿಯಾಗಿತ್ತು. ಅವರು ಖರ್ಚಿಗೆ ಹಿಂಜರಿಯದೆ ಹೊಸದನ್ನೇ ಹಾಕಿಸಿದರು. ಕೆಲಸ ಮಾಡಿದ ವರ್ಕ್‌ಶಾಪ್ ಹಳೆಯ ಕಂಡೆನ್ಸರನ್ನೂ ಡ್ರೈಯರನ್ನೂ ಹಾಗೆಯೇ ಉಳಿಸಿಬಿಟ್ಟಿತು. ಮುಂದಿನ ಬೇಸಿಗೆ ಮುಗಿಯುವುದರೊಳಗೆ ಆ ಹೊಸ ಕಂಪ್ರೆಸರೂ ಸದ್ದು ಮಾಡತೊಡಗಿ ನಿಂತಿತು, ಮತ್ತು ಡ್ರೈಯರ್ ಬದಲಾಯಿಸಿಲ್ಲ ಎಂಬ ಕಾರಣಕ್ಕೆ ವಾರಂಟಿಯೂ ಸಿಗಲಿಲ್ಲ. ತಮ್ಮನ ಕಾರಿನ ರಿಕಂಡಿಶನ್ ಕಂಪ್ರೆಸರ್ ಇಂದಿಗೂ ನಡೆಯುತ್ತಿದೆ.

ಇದರಿಂದ ರಿಕಂಡಿಶನ್ನೇ ಮೇಲು ಎಂದು ಹೇಳಲಾರೆ. ವಸ್ತುವಾಗಿ ಹೊಸದೇ ಉತ್ತಮ. ಕೆಲಸ ಮಾಡುತ್ತಿದ್ದಷ್ಟು ಕಾಲ ಮಾವನವರ ಕಾರಿನಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗಲೂ ತಂಪು ಕುಗ್ಗುತ್ತಿರಲಿಲ್ಲ. ತಮ್ಮನ ಕಾರಿನಲ್ಲಿ ಓಡುವಾಗ ನಡುವಿನ ವೆಂಟಿನಲ್ಲಿಟ್ಟ ಥರ್ಮಾಮೀಟರ್ ಸುಮಾರು 11 ಡಿಗ್ರಿ ತೋರಿಸಿದರೆ, ನಿಂತಾಗ 16ಕ್ಕೆ ಏರುತ್ತದೆ, ಜೊತೆಗೆ ಕ್ಷೀಣವಾದ ಒಂದು ಗುಂಯ್ ಎನ್ನುವ ಸದ್ದೂ ಇದೆ. ರಿಕಂಡಿಶನ್ ಮಾಡುವವರಲ್ಲಿಯೂ ಒಳಗನ್ನು ಬಿಚ್ಚಿ ಸೀಲ್, ಬೇರಿಂಗ್ ಬದಲಾಯಿಸುವವರಿದ್ದಾರೆ, ಹೊರಗೆ ಬಣ್ಣ ಹಚ್ಚಿ ಕೊಡುವವರೂ ಇದ್ದಾರೆ. ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡದೆ ಯಾವುದನ್ನೂ ಕೊಳ್ಳಬಾರದು. ನಾನು ತೂಗಿ ನೋಡಿದ ಮಟ್ಟಿಗೆ, ಒಳಗೆ ಪುಡಿ ಸಿಕ್ಕ ಮೇಲೆ ಹಣ ಸಾಲದಿದ್ದರೆ ಕಂಪ್ರೆಸರಿನಲ್ಲಿ ಉಳಿಸಬೇಕೇ ಹೊರತು ಕಂಡೆನ್ಸರ್ ಮತ್ತು ಡ್ರೈಯರಿನಲ್ಲಿ ಉಳಿಸಬಾರದು.

ಕೊನೆಯಲ್ಲಿ, ಗ್ಯಾಸ್ ತುಂಬುವ ಮೊದಲು ಪಂಪಿನಿಂದ ಒಳಗಿನ ಗಾಳಿಯನ್ನು ಎಳೆದು ತೆಗೆಯುವ ವ್ಯಾಕ್ಯೂಮ್ ಕೆಲಸದಲ್ಲಿಯೂ ಅವಸರ ಸಲ್ಲದು. ಪಂಪ್ ಕನಿಷ್ಠ ಅರ್ಧ ಗಂಟೆಯಾದರೂ ನಡೆಯಬೇಕು. ಒತ್ತಡ ಅಷ್ಟು ಇಳಿದಾಗಲೇ ಒಳಗಿನ ತೇವ ಕೋಣೆಯ ಉಷ್ಣತೆಯಲ್ಲಿ ಕುದಿದು ಆವಿಯಾಗಿ ಹೊರಬರುತ್ತದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದು ಗಾಳಿಯ ಒತ್ತಡ ತುಸು ಕಡಿಮೆ ಇರುವುದರಿಂದ ಗೇಜಿನ ಮುಳ್ಳು ಪಾದರಸದ 28 ಇಂಚಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ, ಅದು ಪಂಪಿನ ದೋಷವಲ್ಲ. ಪಂಪ್ ನಿಲ್ಲಿಸಿದ ಮೇಲೆ ಆ ಮುಳ್ಳು ಕದಲದೆ ನಿಲ್ಲುತ್ತದೆಯೇ ಎಂದು ಕಾದು ನೋಡಿ, ಬಾನೆಟ್ಟಿನ ಸ್ಟಿಕರಿನಲ್ಲಿ ಬರೆದಷ್ಟೇ ಗ್ಯಾಸನ್ನು ತೂಕ ಮಾಡಿ ತುಂಬಿಸಬೇಕು. ಮಾವನವರ ಕಾರಿಗೆ ಈ ಸಲ ಕಂಡೆನ್ಸರ್, ಡ್ರೈಯರ್, ವಾಲ್ವ್ ಮೂರನ್ನೂ ಹೊಸದಾಗಿಯೇ ತರಿಸಿದ್ದೇವೆ; ಕಂಪ್ರೆಸರ್ ಮಾತ್ರ ರಿಕಂಡಿಶನ್ ಮಾಡಿದ್ದು.