ಬೆಲ್ಟ್ ಅಂಚಿನ ಅಚ್ಚು: ಹಲ್ಲುಚಕ್ರ, ಡಿವೈಡರ್, ಬಿಲ್ ರೋಲ್

ಒದ್ದೆ ಮಾಡಿದ ಚರ್ಮದ ಬೆಲ್ಟಿನ ಅಂಚಿಗೆ ಒಂದೇ ಅಚ್ಚನ್ನು ಸಾಲಾಗಿ ಹೊಡೆಯುವಾಗ ಸಮ ಅಂತರದ ಗುರುತನ್ನು ಯಾವುದರಿಂದ ಹಾಕುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಲ್ ರೋಲಿಗೆ. ಕಿರಾಣಿ ಅಂಗಡಿಯವರು ಬಿಲ್ ಹರಿದು ಕೊಡುತ್ತಾರಲ್ಲ, ಅದೇ ಕಾಗದದ ಸುರುಳಿ. ಮಾಟುಂಗಾದ ಸ್ಟೇಷನರಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕಿತು. ಆನ್‌ಲೈನ್‌ನಲ್ಲಿ ಒಂಬೈನೂರು ರೂಪಾಯಿ ಕೊಟ್ಟು ತರಿಸಿದ ಹಲ್ಲುಚಕ್ರ (ಉರುಳಿಸಿದರೆ ಸಮ ಅಂತರದಲ್ಲಿ ಚುಕ್ಕೆ ಒತ್ತುವ ಚಕ್ರ) ಈಗ ಹೊಲಿಗೆ ಗುರುತಿಗೆ ಮಾತ್ರ.

ಚಕ್ರದ ಕತೆ ಸಣ್ಣದು. ನನ್ನದು ಇಂಚಿಗೆ 6 ಗುರುತು ಹಾಕುತ್ತದೆ. ಎರಡು ಹಲ್ಲಿನ ಅಂತರ ಹಿಡಿದರೆ ಸುಮಾರು 8.5 ಮಿ.ಮೀ. ನನ್ನ ಬಳ್ಳಿ ಅಚ್ಚಿನ ಅಗಲ 8 ಮಿ.ಮೀ. ಒಂದಕ್ಕೊಂದು ತಾಗಬೇಕಾದ ಬಳ್ಳಿ ಅಲ್ಲಲ್ಲಿ ತುಂಡಾಗಿ ಕಾಣುತ್ತದೆ, ಸಂದಿಯಲ್ಲಿ ಹಲ್ಲಿನ ಚುಕ್ಕೆ ಬೇರೆ.

ಡಿವೈಡರ್, ಅಂದರೆ ಎರಡು ಮೊನೆಯ ಕೈವಾರ, ಹಾಗಲ್ಲ, ಬೇಕಾದ ಅಳತೆಗೆ ನಿಲ್ಲಿಸಬಹುದು. ಕಾರ್ಡ್ ಹೋಲ್ಡರಿನಂಥ ಚಿಕ್ಕ ಕೆಲಸಕ್ಕೆ ಇವತ್ತಿಗೂ ಅದನ್ನೇ ಹಿಡಿಯುತ್ತೇನೆ. ಮೂಲೆ ಅಚ್ಚು ಮೊದಲು ಹೊಡೆದು, ಎರಡೂ ಕಡೆಯಿಂದ ನಡುವಿಗೆ ಬಂದರೆ ಆಯ್ತು.

ಬೆಲ್ಟಿಗೆ ಬಂದಾಗ ಅದರ ಬಣ್ಣ ಬಯಲಾಗುತ್ತದೆ. ನನ್ನ ಅಂಚು 90 ಸೆಂ.ಮೀ. ಅಂದರೆ 112 ಅಚ್ಚು, ಮೇಲೆ ಅರ್ಧ. ಆ ಅರ್ಧ ಅಚ್ಚನ್ನು ಎಲ್ಲಿ ಬಚ್ಚಿಡುವುದು? 112ರಲ್ಲೂ ಸಮನಾಗಿ ಹಂಚಿದರೆ ಒಂದಕ್ಕೆ ಸಿಗುವುದು 0.04 ಮಿ.ಮೀ.ಗಿಂತ ಕಡಿಮೆ. ಅಷ್ಟು ಸೂಕ್ಷ್ಮವಾಗಿ ಯಾವ ಡಿವೈಡರನ್ನು ತಿರುಗಿಸಲಿ, ಹೇಳಿ! ಪ್ರತಿ ಹೆಜ್ಜೆಗೆ 0.1 ಮಿ.ಮೀ. ಹೆಚ್ಚಾದರೂ ಕೊನೆಗೆ 11 ಮಿ.ಮೀ. ಆಚೆ ಹೋಗಿರುತ್ತದೆ, ಅಂದರೆ ಒಂದು ಅಚ್ಚಿಗಿಂತ ಜಾಸ್ತಿ. ಒದ್ದೆ ಚರ್ಮದಲ್ಲಿ ಮೊನೆ ಒಂದು ಸಲ ಆಳಕ್ಕೆ, ಒಂದು ಸಲ ಮೇಲೆ ಕೂರುತ್ತದೆ, ಅಳತೆ ಜಾರಲು ಅಷ್ಟು ಸಾಕು. ಇನ್ನೊಂದು ಪೀಡೆ: ಬರೀ ಉಕ್ಕಿನ ಮೊನೆಯಾದರೆ ಒದ್ದೆ ವೆಜ್ ಟ್ಯಾನ್ (ಮರದ ತೊಗಟೆಯಂಥ ಸಸ್ಯರಸದಲ್ಲಿ ಹದ ಮಾಡಿದ) ಚರ್ಮದ ಮೇಲೆ ನೀಲಿಗಪ್ಪು ಕಲೆ ಬೀಳುತ್ತದೆ. ಚರ್ಮದಲ್ಲಿರುವ ಟ್ಯಾನಿನ್‌ಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ.

ಬಿಲ್ ರೋಲ್ ಲೆಕ್ಕವನ್ನೇ ಕೇಳುವುದಿಲ್ಲ. ಅಂಚಿನಷ್ಟೇ ಉದ್ದ ಕತ್ತರಿಸಿ, ಅರ್ಧಕ್ಕೆ ಮಡಚಿ. ಇನ್ನೆರಡು ಸಲ ಹಾಗೇ ಮಾಡಿ. ಬಿಡಿಸಿದರೆ ಎಂಟು ಸಮ ಭಾಗ, ಒಂದೊಂದು 112.5 ಮಿ.ಮೀ. ಒಂದು ಭಾಗಕ್ಕೆ 14 ಅಚ್ಚು, ಉಳಿಯುವುದು ಅರ್ಧ ಮಿ.ಮೀ. ಅಷ್ಟನ್ನು ಕಣ್ಣಳತೆಯಲ್ಲೇ ಹಂಚಬಹುದು, ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಾದರೂ ಆ ಭಾಗದಲ್ಲೇ ಮುಗಿಯುತ್ತದೆ, ಮುಂದಿನ ಮಡಿಕೆ ಮತ್ತೆ ದಾರಿಗೆ ತರುತ್ತದೆ.

ನೆನೆದರೆ ಚರ್ಮ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಚರ್ಮವನ್ನು ಒದ್ದೆ ಮಾಡಿದ ಮೇಲೆಯೇ ಕಾಗದ ಕತ್ತರಿಸಿ. ಮುಂಬೈ ಮಳೆಗಾಲದಲ್ಲಿ ಚರ್ಮ ಬೇಗ ಆರುವುದಿಲ್ಲ, ಕಾಗದ ಮೆತ್ತಗಾಗಿ ಹರಿಯುತ್ತದೆ. ಹಿಂಬದಿಗೆ ಸೆಲೋಟೇಪ್ ಅಂಟಿಸಿಕೊಳ್ಳುತ್ತೇನೆ. ಗುರುತಿಗೆ ಪೆನ್ನು ಬೇಡ, ಪ್ಲಾಸ್ಟಿಕ್ ಕಡ್ಡಿಯಲ್ಲಿ ಒತ್ತಿದರೆ ಸಾಕು.

ಅಂದಹಾಗೆ, ಧಾರಾವಿಯಲ್ಲಿ ಚರ್ಮ ತರುವಾಗ ವೆಜ್ ಟ್ಯಾನ್ ಅಂತ ಬಾಯಿಬಿಟ್ಟು ಕೇಳಿ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಕ್ರೋಮ್ ಚರ್ಮದಲ್ಲಿ ಅಚ್ಚು ಸರಿಯಾಗಿ ನಿಲ್ಲುವುದಿಲ್ಲ, ಆಗ ಯಾವ ಅಳತೆ ಇದ್ದರೇನು?

ದಿನಕ್ಕೆ ಹತ್ತು ಬೆಲ್ಟ್ ಮಾಡುವವರಿಗೆ ಮಡಚುತ್ತಾ ಕೂರಲು ಪುರುಸೊತ್ತಿರುವುದಿಲ್ಲ. ಅಂಥವರು ಒಂದು ಪಟ್ಟಿ ಗುರುತು ಮಾಡಿ ಪ್ಲಾಸ್ಟಿಕ್ ಹಾಳೆಗೆ ಇಳಿಸಿಕೊಳ್ಳಲಿ. ನಾನು ಭಾನುವಾರ ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು, ಪಕ್ಕದ ಮನೆಯವರು ನಿದ್ದೆಯಿಂದ ಎದ್ದ ಮೇಲೆ ಸುತ್ತಿಗೆ ಹಿಡಿಯುವವನು. ನನಗೆ ರೋಲೇ ಸಾಕು.