ಸ್ಪಾ ಸರ್ಕ್ಯೂಟ್‌ನ ಬ್ರಾಂಜ್ ಟಿಕೆಟ್: ಸೀಟಿಲ್ಲದಿದ್ದರೂ ಇದನ್ನೇ ತಗೊಳ್ಳಿ

ಬೆಲ್ಜಿಯಂ ಗ್ರ್ಯಾನ್ ಪ್ರೀ, ಅಂದರೆ ಬೆಲ್ಜಿಯಂನಲ್ಲಿ ನಡೆಯುವ ಫಾರ್ಮುಲಾ ಒನ್ (ಎಫ್‌1) ಕಾರ್ ರೇಸ್, ನೋಡಲು ಹೊರಟವರು ನನ್ನನ್ನು ಮೊದಲು ಕೇಳುವುದು ಯಾವ ಸ್ಟ್ಯಾಂಡ್‌ನಲ್ಲಿ ಸೀಟು ಹಿಡಿಯಲಿ ಅಂತ. ಯಾವ ಸ್ಟ್ಯಾಂಡೂ ಬೇಡ ಅನ್ನುತ್ತೇನೆ. ಆ ರೇಸ್ ನಡೆಯುವ ಸ್ಪಾ-ಫ್ರಾಂಕೋರ್‌ಶಾಂನಲ್ಲಿ ಜನರಲ್ ಅಡ್ಮಿಷನ್‌ಗೆ ಬ್ರಾಂಜ್ ಅನ್ನುತ್ತಾರೆ. ಅದರಲ್ಲಿ ಸೀಟ್ ನಂಬರ್ ಇಲ್ಲ, ಕುರ್ಚಿ ಇಲ್ಲ, ತಲೆ ಮೇಲೆ ಸೂರೂ ಇಲ್ಲ. ಮೂರು ದಿನಕ್ಕೂ ಅದನ್ನೇ ತಗೊಳ್ಳಿ. 2024ರ ಜುಲೈ ಕೊನೆಯಲ್ಲಿ ನಾನೂ ನನ್ನ ತಮ್ಮನೂ ಈ ಟಿಕೆಟ್‌ನಲ್ಲೇ ಹೋಗಿದ್ದೆವು. ಮತ್ತೆ ಹೋದರೂ ಅದೇ.

ಕಾರಣ ಟ್ರ್ಯಾಕ್‌ನಲ್ಲೇ ಇದೆ. ಉದ್ದ 7.004 ಕಿಲೋಮೀಟರ್, ಈಗಿನ ಎಫ್‌1 ಕ್ಯಾಲೆಂಡರ್‌ನಲ್ಲಿ ಇದಕ್ಕಿಂತ ಉದ್ದದ ಟ್ರ್ಯಾಕ್ ಇಲ್ಲ. ಆರ್ಡೆನ್ ಕಾಡಿನ ಗುಡ್ಡಗಳನ್ನು ಹತ್ತಿ ಇಳಿಯುತ್ತದೆ. ಮೇಲಿನ ತುದಿಗೂ ಕೆಳಗಿನ ತಗ್ಗಿಗೂ ನೂರು ಮೀಟರ್‌ನಷ್ಟು ವ್ಯತ್ಯಾಸ. ಹಳೆಯ ಟ್ರ್ಯಾಕ್ ಇದರ ಎರಡರಷ್ಟಿತ್ತು, ಊರೂರುಗಳ ನಡುವಿನ ರಸ್ತೆಯಲ್ಲೇ ಓಡಿಸುತ್ತಿದ್ದರು. 1979ರಲ್ಲಿ ಮೊಟಕು ಮಾಡಿದರು. ಲ್ಯಾಪ್, ಅಂದರೆ ಒಂದು ಸುತ್ತು, ಇಷ್ಟು ಉದ್ದ ಇರುವುದರಿಂದ ಭಾನುವಾರದ ರೇಸ್‌ಗೆ ಇರುವುದು ಬರೀ 44 ಲ್ಯಾಪ್. ದುಬಾರಿ ಸೀಟಿನಲ್ಲಿ ಕೂತವರು ಒಂದೇ ತಿರುವನ್ನು ಮೂರು ದಿನ ನೋಡುತ್ತಾರೆ, ಪ್ರತಿ ಕಾರೂ ಕೆಲವೇ ಸೆಕೆಂಡು ಕಣ್ಣಿಗೆ ಬಿದ್ದು ಮಾಯ. ಅದಕ್ಕೆ ಬ್ರಾಂಜ್‌ನ ಎರಡು ಪಟ್ಟಿಗೂ ಮೀರಿದ ದುಡ್ಡು. ಬ್ರಾಂಜ್ ಇದ್ದರೆ ಕಾಡಿನ ದಾರಿಯಲ್ಲಿ ನಡೆದು ಬೇಲಿಯ ಪಕ್ಕ ಎಲ್ಲೆಲ್ಲಿ ಬೇಕೋ ಅಲ್ಲೆಲ್ಲ ನಿಲ್ಲಬಹುದು.

ಈ ಟಿಕೆಟ್‌ನ ದುಡ್ಡು ಪೂರ್ತಿ ವಸೂಲಾಗುವುದು ಶುಕ್ರವಾರ, ಭಾನುವಾರ ಅಲ್ಲ. ಬಹಳಷ್ಟು ಜನ ಶುಕ್ರವಾರ ಊರು ಸುತ್ತಿ ಶನಿವಾರ ಟ್ರ್ಯಾಕ್‌ಗೆ ಬರುವ ಪ್ಲಾನ್ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶುಕ್ರವಾರ ಜನ ಕಡಿಮೆ, ಎಲ್ಲಿ ನಿಂತರೂ ಯಾರೂ ಏನೂ ಅನ್ನುವುದಿಲ್ಲ, ಒಂದು ಸೆಷನ್‌ಗೆ ಒಂದು ಜಾಗ ಅಂತ ಬದಲಾಯಿಸುತ್ತಾ ಹೋಗಬಹುದು. ನಾವು ಹೋದ ವರ್ಷ ಸ್ಪ್ರಿಂಟ್ (ಶನಿವಾರದ ಚಿಕ್ಕ ರೇಸ್) ಇರಲಿಲ್ಲ, ಹಾಗಾಗಿ ಒಂದೊಂದು ಗಂಟೆಯ ಎರಡು ಪ್ರಾಕ್ಟೀಸ್, ನಡುವೆ ಎಫ್‌2, ಎಫ್‌3, ಪೋರ್ಶೆ ಸೂಪರ್‌ಕಪ್ ಅನ್ನುವ ಬೇರೆ ಸರಣಿಗಳ ಕಾರುಗಳು. ಸ್ಪ್ರಿಂಟ್ ಇರುವ ವರ್ಷ ಶುಕ್ರವಾರ ಸಿಗುವುದು ಒಂದೇ ಪ್ರಾಕ್ಟೀಸ್. ಟಿಕೆಟ್ ತಗೊಳ್ಳುವ ಮುಂಚೆ ಅದನ್ನು ನೋಡಿಕೊಳ್ಳಿ.

ಓ ರೂಜ್ ಅನ್ನುವ ತಗ್ಗಿನ ತಿರುವು ದಾಟಿ ರೆಡಿಯೋಂ ಏರನ್ನು ಬೇಲಿಯಾಚೆ ನಡೆದೇ ಹತ್ತಿದೆವು. ಟಿವಿ ಕ್ಯಾಮೆರಾ ಈ ಏರನ್ನು ಚಪ್ಪಟೆ ಮಾಡಿಬಿಡುತ್ತದೆ. ಸುಮಾರು 40 ಮೀಟರ್ ಎತ್ತರ. ನಡೆದು ಹತ್ತಿದರೆ ಮಾತಾಡಲು ಉಸಿರು ಸಾಲುವುದಿಲ್ಲ. ಅಲ್ಲಿ ಕಾರುಗಳು ಬ್ರೇಕ್ ಮುಟ್ಟದೆ ಹತ್ತಿ ಹೋಗುತ್ತವೆ. ಕೆಳಗಿನ ತಗ್ಗಿನಲ್ಲಿ ಕಾರು ಕುಕ್ಕರಿಸಿದಾಗ ಅದರ ತಳ ಡಾಂಬರಿಗೆ ಉಜ್ಜುವ ಸದ್ದು ಎಂಜಿನ್ ಸದ್ದಿಗಿಂತ ಬೇರೆಯಾಗಿ ಕೇಳಿಸುತ್ತದೆ, ಒಣ ಹಲಗೆ ಎಳೆದ ಹಾಗೆ. ಟಿವಿಯಲ್ಲಿ ಆ ಸದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. 2019ರಲ್ಲಿ ಎಫ್‌2 ಚಾಲಕ ಆಂತ್ವಾನ್ ಯುಬೇರ್ ಪ್ರಾಣ ಕಳೆದುಕೊಂಡದ್ದು ಈ ಏರಿನ ಮೇಲ್ತುದಿಯ ಆಚೆಯೇ. ಆಮೇಲೆ, 2022ರ ಹೊತ್ತಿಗೆ, ಪಕ್ಕದ ರನ್-ಆಫ್ ಜಾಗವನ್ನು, ಅಂದರೆ ಟ್ರ್ಯಾಕ್ ತಪ್ಪಿದ ಕಾರಿಗೆ ಬಿಟ್ಟಿರುವ ಜಾಗವನ್ನು, ಅಗಲ ಮಾಡಿದರು. ಅಲ್ಲಿ ನಿಂತು ನೋಡಿದರೆ ಅದು ಎಷ್ಟು ಬೇಕಿತ್ತು ಅಂತ ಯಾರೂ ಹೇಳಬೇಕಾಗಿಲ್ಲ.

ಅಲ್ಲಿಂದ ಕೆಮ್ಮೆಲ್ ಸ್ಟ್ರೇಟ್ ಅನ್ನುವ ಉದ್ದದ ನೇರ ದಾರಿಯ ಪಕ್ಕದಲ್ಲೇ ಲೆ ಕೋಂಬ್ ತಿರುವಿನವರೆಗೆ ಬನ್ನಿ. 2000ದಲ್ಲಿ ಒಂದು ಲ್ಯಾಪ್ ಹಿಂದಿದ್ದ ರಿಕಾರ್ಡೊ ಝೋಂಟಾನ ಕಾರನ್ನು ನಡುವೆ ಬಿಟ್ಟು ಮಿಕಾ ಹಾಕ್ಕಿನೆನ್ ಶೂಮಾಕರ್‌ನನ್ನು ಹಿಂದೆ ಹಾಕಿದ ಜಾಗ ಇದು. ಆ ಓವರ್‌ಟೇಕ್ ನೋಡಿಯೇ ನನಗೆ ಈ ಹುಚ್ಚು ಹಿಡಿದದ್ದು. ಮುಂದೆ ರಿವಾಜ್ ಅಂತ ಒಂದು ಇಳಿಜಾರಿನ ಬಲ ತಿರುವು. ಹೆಸರಾಂತ ತಿರುವಲ್ಲ, ಆದರೆ ನನ್ನ ಮೆಚ್ಚಿನ ಜಾಗ ಇದೇ. ಕಾರು ಇಲ್ಲಿ ನಿಧಾನವಾಗುವುದರಿಂದ ಚಾಲಕನ ಕೈ ಕಾಣುತ್ತದೆ. ಒಬ್ಬರದು ಒಂದೇ ಸಲಕ್ಕೆ ನಯವಾಗಿ ತಿರುಗುತ್ತದೆ, ಇನ್ನೊಬ್ಬರು ಒಳಗೆ ಬಂದ ಮೇಲೂ ಸ್ಟೀರಿಂಗ್ ಸರಿಪಡಿಸುತ್ತಲೇ ಇರುತ್ತಾರೆ. ಸಂಜೆ ಎರಡನೇ ಪ್ರಾಕ್ಟೀಸ್‌ಗೆ ಪೂಹೋನ್ ಕಡೆಗೆ ಇಳಿದೆವು. ಅಲ್ಲಿನ ಹುಲ್ಲಿನ ದಿಬ್ಬ ತಾನೇ ಒಂದು ಗ್ಯಾಲರಿ; ಎಡಕ್ಕೆ ಎರಡು ಸಲ ಬಾಗುವ ವೇಗದ ತಿರುವು ಮೊದಲಿಂದ ಕೊನೆವರೆಗೆ ಕಣ್ಣ ಮುಂದೆ. ಒಂದೇ ಜಾಗ ಆರಿಸಿ ಅಂದರೆ ಪೂಹೋನ್ ಆರಿಸಿ.

ಶನಿವಾರ ಮಳೆ. ಸ್ಪಾ ಅಂದಮೇಲೆ ಮಳೆಯನ್ನು ಪ್ಲಾನ್‌ನಲ್ಲಿ ಸೇರಿಸಲೇಬೇಕು. ಟ್ರ್ಯಾಕ್‌ನ ಒಂದು ಕಡೆ ಸುರಿಯುತ್ತಿದ್ದರೆ ಇನ್ನೊಂದು ಕಡೆ ಒಣಗಿರುವುದೂ ಉಂಟು. ಛತ್ರಿ ತರಬೇಡಿ, ದಿಬ್ಬದ ಮೇಲೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಮೊಣಕಾಲು ದಾಟುವ ರೇನ್‌ಕೋಟ್, ನೀರು ನುಗ್ಗದ ಗಟ್ಟಿ ಬೂಟು, ಒಂದು ಜೊತೆ ಹೆಚ್ಚಿನ ಸಾಕ್ಸ್ ಇರಲಿ. ಜುಲೈ ಅಂತ ತೆಳು ಬಟ್ಟೆ ತಂದವರು ನಮ್ಮ ಸುತ್ತ ನಡುಗುತ್ತಾ ನಿಂತಿದ್ದರು. ಕಾಡಿನ ದಾರಿ ಕೆಸರಾಗಿ ಇಳಿಜಾರಿನಲ್ಲಿ ಕಾಲು ಜಾರುತ್ತದೆ. ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದ್ದು ವೆರ್‌ಸ್ಟಾಪನ್, ಆದರೆ ಎಂಜಿನ್ ಬದಲಿಸಿದ್ದಕ್ಕೆ ಹತ್ತು ಸ್ಥಾನದ ದಂಡ ಇದ್ದುದರಿಂದ ಪೋಲ್ (ಮೊದಲ ಸ್ಥಾನ) ಹೋದದ್ದು ಲೆಕ್ಲೇರ್‌ಗೆ. ಕಾರು ಹೋದ ಎಷ್ಟೋ ಹೊತ್ತಿನವರೆಗೆ ನೀರಿನ ಧೂಳು ಮರಗಳ ನಡುವೆ ತೇಲುತ್ತಿತ್ತು. 2021ರಲ್ಲಿ ಇಲ್ಲೇ ಜನ ಗಂಟೆಗಟ್ಟಲೆ ಮಳೆಯಲ್ಲಿ ಕಾದು, ಕೊನೆಗೆ ಎಲ್ಲರನ್ನೂ ನಿಧಾನವಾಗಿ ಕರೆದೊಯ್ಯುವ ಸೇಫ್ಟಿ ಕಾರ್ ಹಿಂದೆ ಕೆಲವೇ ಲ್ಯಾಪ್ ಕಂಡು ವಾಪಸಾಗಿದ್ದರು. ಆ ರೇಸ್‌ಗೆ ಚಾಲಕರಿಗೆ ಸಿಕ್ಕಿದ್ದು ಎಂದಿನ ಪಾಯಿಂಟ್‌ಗಳ ಅರ್ಧ. ಅಂಥದ್ದು ಮತ್ತೆ ಆಗುವುದಿಲ್ಲ ಅಂತ ಯಾರೂ ಬರೆದುಕೊಡಲಾರರು. ಮೂರು ದಿನದ ಟಿಕೆಟ್ ಅನ್ನುವುದಕ್ಕೆ ಇದೂ ಒಂದು ಕಾರಣ.

ಭಾನುವಾರ ಬ್ರಾಂಜ್‌ನ ನಿಯಮ ಬದಲಾಗುತ್ತದೆ. ಗೇಟ್ ತೆರೆಯುವಾಗಲೇ ಬಂದು ಜಾಗ ಹಿಡಿಯಬೇಕು, ಹಿಡಿದ ಮೇಲೆ ಅಲ್ಲಾಡುವಂತಿಲ್ಲ. ಮೂರು ದಿನ ಸೇರಿ ಮೂರೂವರೆ ಲಕ್ಷ ದಾಟುವ ಜನ. ವೆರ್‌ಸ್ಟಾಪನ್ ಹುಟ್ಟಿದ್ದು ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ, ಓಡಿಸುವುದು ನೆದರ್ಲೆಂಡ್ಸ್ ಪರವಾಗಿ, ಆದ್ದರಿಂದ ದಿಬ್ಬಗಳೆಲ್ಲ ಕಿತ್ತಳೆ ಬಣ್ಣ. ದೊಡ್ಡ ಸ್ಕ್ರೀನ್ ಕಾಣುವ ಜಾಗವನ್ನೇ ಆರಿಸಿ. ಸ್ಕ್ರೀನ್ ಇಲ್ಲದಿದ್ದರೆ ಹತ್ತು ಲ್ಯಾಪ್ ಆಗುವಷ್ಟರಲ್ಲಿ ಯಾರು ಎಲ್ಲಿದ್ದಾರೆ ಅನ್ನುವುದೇ ತಿಳಿಯದು, ಅಷ್ಟು ಜನಕ್ಕೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ನಾವು ಕೆಮ್ಮೆಲ್ ಕೊನೆಯಲ್ಲಿ ಕೂತೆವು. ಮಡಚುವ ಕುರ್ಚಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯಾದರೂ ಬೇಕು, ನೆಲ ಹಿಂದಿನ ದಿನದ ಮಳೆಗೆ ಒದ್ದೆ.

ರೇಸ್ ಮೂರು ಗಂಟೆಗೆ ಶುರು. ರಸೆಲ್ ಒಂದೇ ಸಲ ಟೈರ್ ಬದಲಿಸಿ ಮುಂದೆ ಉಳಿದ. ಹೊಸ ಟೈರಿನ ಹ್ಯಾಮಿಲ್ಟನ್ ಹಿಂದಿನಿಂದ ಲ್ಯಾಪ್ ಲ್ಯಾಪ್‌ಗೂ ಹತ್ತಿರವಾಗುತ್ತಿದ್ದ. ನನ್ನ ತಮ್ಮ ಹ್ಯಾಮಿಲ್ಟನ್ ಅಭಿಮಾನಿ. "ಅಕ್ಕಾ, ಮುಂದಿನ ಲ್ಯಾಪ್‌ಗೆ ಇಲ್ಲೇ ನುಗ್ತಾನೆ, ನೋಡ್ತಿರು" ಅಂತ ಪ್ರತಿ ಲ್ಯಾಪ್‌ಗೂ ಹೇಳುತ್ತಿದ್ದ. ನುಗ್ಗಲಿಲ್ಲ, ಅರ್ಧ ಸೆಕೆಂಡಿನ ಅಂತರದಲ್ಲಿ ರಸೆಲ್ ಗೆದ್ದ. ಬಸ್ಸಿಗೆ ಸಾಲು ನಿಂತು ಎಷ್ಟೋ ಹೊತ್ತಾದ ಮೇಲೆ ಮುಂದಿದ್ದವರ ಫೋನ್‌ನಲ್ಲಿ ಸುದ್ದಿ ಬಂತು: ರಸೆಲ್ ಕಾರಿನ ತೂಕ ನಿಯಮದ ಕನಿಷ್ಠಕ್ಕಿಂತ ಒಂದೂವರೆ ಕೆಜಿ ಕಡಿಮೆ, ಅನರ್ಹ, ಗೆದ್ದವನು ಹ್ಯಾಮಿಲ್ಟನ್. ನನ್ನ ತಮ್ಮ ಸಾಲಿನಲ್ಲೇ ಖುಷಿಯಿಂದ ಕೂಗಿದ. ನನಗೆ ರಸೆಲ್ ಬಗ್ಗೆ ನಿಜವಾಗಲೂ ಸಂಕಟವಾಯಿತು, ಅಂಥ ಡ್ರೈವ್ ಅದು.

ಇನ್ನು ಹೋಗುವ ಏರ್ಪಾಡು. ಬೆಲ್ಜಿಯಂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಗೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಬೇಗ ಹಾಕಿ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ.

ಎಲ್ಲಕ್ಕಿಂತ ಮೊದಲು ರೂಮು ಹಿಡಿಯಿರಿ, ವಿಮಾನದ ಟಿಕೆಟ್‌ಗಿಂತಲೂ ಮೊದಲು. ಮುಂದಿನ ವರ್ಷದ ಕ್ಯಾಲೆಂಡರ್ ಹೊರಬಂದ ಕೂಡಲೇ ಟ್ರ್ಯಾಕ್ ಸುತ್ತಲಿನ ಊರುಗಳ ರೂಮು ಖಾಲಿಯಾಗುತ್ತವೆ. ನಾವು ಮೊದಲು ಹಿಡಿದಿದ್ದ ರೂಮನ್ನು ಅದರ ಮಾಲೀಕರು ಕಾರಣ ಹೇಳದೆ ರದ್ದು ಮಾಡಿದರು, ಸ್ವಲ್ಪ ದಿನದಲ್ಲೇ ಅದೇ ರೂಮು ಮೂರು ಪಟ್ಟು ಬಾಡಿಗೆಗೆ ಕಾಣಿಸಿತು. ಆಮೇಲೆ ಲಿಯೇಜ್ ನಗರದಲ್ಲಿ ಸಿಕ್ಕಿತು, ಅದೇ ಅನುಕೂಲವಾಯಿತು. ಲಿಯೇಜ್‌ನಿಂದ ವೆರ್ವಿಯೆಗೆ ರೈಲು, ಅಲ್ಲಿಂದ ಟ್ರ್ಯಾಕ್‌ಗೆ ಬಸ್. ಕಾರು ಬಾಡಿಗೆಗೆ ತಗೊಂಡವರು ಭಾನುವಾರ ಸಂಜೆ ಪಾರ್ಕಿಂಗ್ ಹೊಲದಿಂದ ಹೊರಬರುವ ಹೊತ್ತಿಗೆ ನಾವು ಊಟ ಮಾಡಿ ಮಲಗಿದ್ದೆವು.

ಸಸ್ಯಾಹಾರಿಗಳಿಗೆ ಒಂದು ಮಾತು. ಎಲ್ಲೆಲ್ಲೂ ಸಿಗುವ ಬೆಲ್ಜಿಯಂ ಫ್ರೈಸ್ ಅನ್ನು ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಆಲೂಗೆಡ್ಡೆ ತಾನೇ ಅಂತ ತಿನ್ನುವ ಮುಂಚೆ ಯಾವ ಎಣ್ಣೆ ಅಂತ ಕೇಳಿ. ನಾನು ಬ್ರೆಡ್, ಚೀಸ್, ಹಣ್ಣು ಕಟ್ಟಿಕೊಂಡೇ ಹೋಗುತ್ತಿದ್ದೆ. ಮುತ್ತಿನಂಥ ಸಕ್ಕರೆ ಹರಳು ಹಾಕಿದ ಲಿಯೇಜ್ ವಾಫಲ್ ಬಿಸಿಬಿಸಿ ಸಿಕ್ಕರೆ ಮಾತ್ರ ಬಿಡಬೇಡಿ.

ವರ್ಷ ಆರಿಸುವಾಗ ಇನ್ನೊಂದು ವಿಷಯ: ಎಫ್‌1 ಜೊತೆ ಸ್ಪಾದ ಈಗಿನ ಒಪ್ಪಂದ 2031ರವರೆಗೆ ಇದ್ದರೂ 2028 ಮತ್ತು 2030ರಲ್ಲಿ ಸ್ಪಾದಲ್ಲಿ ರೇಸ್ ಇಲ್ಲ. ಮುಂದಕ್ಕೆ ಹಾಕುತ್ತಾ ಕೂತರೆ ನಡುವೆ ಎರಡು ವರ್ಷ ಕಾಯಬೇಕಾಗಬಹುದು.

ಬ್ರಾಂಜ್ ಯಾರಿಗೆ ಬೇಡ ಅಂದರೆ, ಮೊಣಕಾಲು ನೋವಿರುವವರಿಗೆ, ತೀರಾ ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುವವರಿಗೆ, ವಯಸ್ಸಾದ ಅಪ್ಪ ಅಮ್ಮನ ಜೊತೆ ಬರುವವರಿಗೆ. ಏರಿಳಿತ ನಿಜಕ್ಕೂ ಕಡಿದು, ದಿನವೆಲ್ಲ ಕಾಲ ಮೇಲೆ ಇರಬೇಕು. ಅಂಥವರು ಸೂರಿರುವ ಸ್ಟ್ಯಾಂಡ್‌ನಲ್ಲಿ ಸೀಟು ತಗೊಳ್ಳಿ. ಅವರ ಜೊತೆ ಬಂದ ಗಟ್ಟಿ ಕಾಲಿನವರು ಶುಕ್ರವಾರವಾದರೂ ಅವರನ್ನು ಸೀಟಿನಲ್ಲಿ ಕೂರಿಸಿ ರಿವಾಜ್‌ವರೆಗೆ ನಡೆದು ಬನ್ನಿ.